ಹಳೆಯ ಚಿತ್ರದ ಅಗಲವೂ ಎತ್ತರವೂ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯಲ್ಲಿಯೂ, ಅದರ ಆಚೀಚೆ ತಿಪಟೂರು ಚಿಕ್ಕನಾಯಕನಹಳ್ಳಿಗಳವರೆಗೆ ಹಬ್ಬಿಕೊಂಡಿರುವ ತೆಂಗಿನ ಸೀಮೆಯಲ್ಲಿಯೂ, ಮನೆಯ ಅಟ್ಟಕ್ಕೆ ಬೇರೆ ಕಡೆಗಳಲ್ಲಿ ಕಾಣದ ಒಂದು ಗೌರವವುಂಟು. ಬಲಿತ ಕಾಯಿಯನ್ನು ಸಿಪ್ಪೆಸಹಿತವಾಗಿ ಅಲ್ಲಿಗೇರಿಸಿ, ಹತ್ತು ಹನ್ನೊಂದು ತಿಂಗಳು ಅದರ ಗೊಡವೆಗೆ ಹೋಗದೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿಯೇ ಬಿಡಿಸಿಕೊಂಡು, ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟಕ್ಕೆ ಹೋದ ಪದಾರ್ಥವನ್ನು ಕಾಲವೇ ಹದಗೊಳಿಸಿ ಹಿಂದಿರುಗಿಸುತ್ತದೆ ಎಂಬ ಈ ನಂಬಿಕೆಯ ಬಲದಿಂದಲೋ ಏನೋ, 1980ರ ದಶಕದ ಕೊನೆಯಿಂದ ಮೊದಲ್ಗೊಂಡು ಮದುವೆ, ಗೃಹಪ್ರವೇಶ, ಊರ ತೇರು, ಸೋಮನ ಕುಣಿತ, ರಾತ್ರಿಯಿಡೀ ಮುಖವೀಣೆಯ ಸ್ವರದಲ್ಲಿ ನಡೆದ ಮೂಡಲಪಾಯ ಮುಂತಾದವುಗಳನ್ನು ಹಿಡಿದಿಟ್ಟ ವಿಡಿಯೊ ಕ್ಯಾಸೆಟ್ಟುಗಳನ್ನೂ ಟ್ರಂಕಿನಲ್ಲಿ ತುಂಬಿ ಅದೇ ಅಟ್ಟಕ್ಕೆ ಏರಿಸಿ ಮರೆತವರು ಅನೇಕರು. ಕಾಯಿಗೆ ಹಿತವಾದ ಬೆಚ್ಚನೆಯ ಕತ್ತಲು ಕ್ಯಾಸೆಟ್ಟಿಗೆ ಹಿತವಲ್ಲ. ಮಳೆಗಾಲದ ತೇವಕ್ಕೆ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿಯುತ್ತದೆ, ಸಿಪ್ಪೆಯ ನಾರಿನ ಧೂಳು ಒಳಸೇರುತ್ತದೆ.

ಟೇಪು ಉಳಿದರೂ ಅದನ್ನು ಓಡಿಸುವ ಯಂತ್ರ ಉಳಿಯಲಿಲ್ಲ. 1976ರಲ್ಲಿ ಜಪಾನಿನ ಜೆ.ವಿ.ಸಿ. ಸಂಸ್ಥೆಯು ಹೊರತಂದ ವಿ.ಎಚ್.ಎಸ್. ಪದ್ಧತಿಯ ಯಂತ್ರಗಳನ್ನು ಕಟ್ಟಕಡೆಯವರೆಗೆ ತಯಾರಿಸುತ್ತಿದ್ದ ಫುನಾಯ್ ಎಂಬ ಕಂಪನಿಯೂ 2016ರ ಜುಲೈಯಲ್ಲಿ ಆ ಕೆಲಸವನ್ನು ನಿಲ್ಲಿಸಿತು. ತರುವಾಯ ಯುನೆಸ್ಕೊ ಮತ್ತು ಧ್ವನಿ-ದೃಶ್ಯ ಸಂಗ್ರಹಾಗಾರಗಳ ಅಂತರರಾಷ್ಟ್ರೀಯ ಸಂಘಗಳೆರಡೂ ಸೇರಿ, 2025ರ ಸುಮಾರಿಗೆ ಈ ಟೇಪುಗಳನ್ನು ಓದಿಸುವುದು ಬಹುಮಟ್ಟಿಗೆ ದುಸ್ಸಾಧ್ಯವಾಗಬಹುದೆಂದು ಲೋಕವನ್ನು ಎಚ್ಚರಿಸಿದವು. ಆ ಗಡುವು ಬಂದಿರುವುದರಿಂದ ಈಗ ಅಟ್ಟದ ಟ್ರಂಕುಗಳು ಕೆಳಗಿಳಿಯುತ್ತಿವೆ. ಕ್ಯಾಸೆಟ್ಟನ್ನು ಚೀಲದಲ್ಲಿಟ್ಟುಕೊಂಡು ತಿಪಟೂರಿಗೋ ತುಮಕೂರಿಗೋ ಹೋದವನನ್ನು ಅಂಗಡಿಯ ಹುಡುಗ ಕೇಳುವ ಮೊದಲ ಪ್ರಶ್ನೆ, "ಎಚ್.ಡಿ. ಮಾಡಿಕೊಡ್ಲಾ ಸಾರ್, ಟಿ.ವಿ. ತುಂಬ ಬರೋ ಹಂಗೆ ಮಾಡಿಕೊಡ್ಲಾ?" ಎಂಬುದು. ಕೇಳಿದವನಿಗೆ ಅದರಲ್ಲಿ ದುರುದ್ದೇಶವಿಲ್ಲ. ಉತ್ತರ ಹೇಳುವವನಿಗೆ ಪ್ರಶ್ನೆಯ ಭಾರ ತಿಳಿದಿಲ್ಲ. ಚಿತ್ರವು ಎಷ್ಟು ಬಿಂದುಗಳಾಗಿ ಒಡೆಯತಕ್ಕದ್ದು, ಯಾವ ಆಕಾರದ ಚೌಕಟ್ಟಿನಲ್ಲಿ ನಿಲ್ಲತಕ್ಕದ್ದು ಎಂಬ ಎರಡು ನಿರ್ಣಯಗಳು, ಮತ್ತೊಮ್ಮೆ ಮಾಡಲಾಗದಂಥವು, ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತವೆ. ಇಡುವುದಕ್ಕಾಗಿ ಮಾಡುವ ಪ್ರತಿ ಒಂದು, ನೋಡುವುದಕ್ಕಾಗಿ ಮಾಡುವ ಪ್ರತಿ ಇನ್ನೊಂದು, ಎರಡನ್ನೂ ಒಂದೇ ಕಡತದಲ್ಲಿ ಸಾಧಿಸಹೊರಟರೆ ಎರಡೂ ಕೆಡುತ್ತವೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಟೇಪಿನೊಳಗೇ ಇಳಿದು ನೋಡಬೇಕು.

ನಮ್ಮ ದೇಶದ ದೂರದರ್ಶನವು ಅನುಸರಿಸಿದ್ದು ಪಾಲ್ ಎಂಬ ಪದ್ಧತಿಯನ್ನು. ಅದರಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು. ಅವುಗಳಲ್ಲಿ 49 ಗೆರೆಗಳಷ್ಟು ಅವಧಿ ಚಿತ್ರನಳಿಕೆಯ ಕಿರಣವು ಕೆಳಗಿನಿಂದ ಮತ್ತೆ ಮೇಲಕ್ಕೆ ಹೋಗುವುದಕ್ಕೆ ವ್ಯಯವಾಗಿ, ಕಣ್ಣಿಗೆ ಚಿತ್ರವಾಗಿ ಒದಗುವುದು 576 ಮಾತ್ರ. ಅರ್ಧ ಅಂಗುಲ ಅಗಲದ ಟೇಪಿನ ಮೇಲೆ, ನಿಮಿಷಕ್ಕೆ 1500 ಸುತ್ತು ತಿರುಗುವ ಉರುಳೆಯೊಂದಕ್ಕೆ ಎದುರುಬದುರಾಗಿ ಕೂರಿಸಿದ ಎರಡು ಹೆಡ್ಡುಗಳು ಓರೆಯಾಗಿ ಎಳೆಯುವ ಒಂದೊಂದು ಪಟ್ಟೆಯಲ್ಲಿಯೂ ಈ ಗೆರೆಗಳ ಅರ್ಧಭಾಗ, ಒಂದು ಬಿಟ್ಟು ಒಂದರಂತೆ, ಬರೆಯಲ್ಪಟ್ಟಿರುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮೇಲಿನಿಂದ ಕೆಳಕ್ಕೆ ನೋಡಿದರೆ ಈ ಚಿತ್ರಕ್ಕೆ ಲೆಕ್ಕವಿದೆ: ಇಂತಿಷ್ಟೇ ಗೆರೆ, ಅದರಲ್ಲಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಎಡದಿಂದ ಬಲಕ್ಕೆ ನೋಡಿದರೆ ಲೆಕ್ಕವೆಂಬುದೇ ಇಲ್ಲ. ಒಂದೊಂದು ಗೆರೆಯೂ ಅಖಂಡವಾಗಿ ಏರಿಳಿಯುವ ವಿದ್ಯುತ್ತಿನ ಅಲೆ, ಅದರಲ್ಲಿ ಬಿಂದುಗಳಿಲ್ಲ. ಆದ್ದರಿಂದ ಕಂಪ್ಯೂಟರಿಗೆ ತರುವಾಗ ಎತ್ತರದ ಸಂಖ್ಯೆಯನ್ನು ನಾವು ಆರಿಸುವಂತಿಲ್ಲ, ಟೇಪು ಆಗಲೇ ಆರಿಸಿದೆ. ಅಗಲದ ಸಂಖ್ಯೆಯೊಂದೇ ಮನುಷ್ಯನ ವಿವೇಚನೆಗೆ ಬಿಟ್ಟ ವಿಷಯ.

ಆ ವಿವೇಚನೆಯನ್ನು ನಮ್ಮ ಪರವಾಗಿ 1982ರಲ್ಲಿಯೇ ಕೆಲವರು ಮಾಡಿ ಮುಗಿಸಿದ್ದಾರೆ. ಏಷ್ಯನ್ ಕ್ರೀಡೆಗಳ ನೆಪದಲ್ಲಿ ನಮ್ಮ ಮನೆಗಳಿಗೆ ಬಣ್ಣದ ಟಿ.ವಿ. ಬಂದ ವರ್ಷವೇ ಅದು. 625 ಗೆರೆಯ ನಮ್ಮ ಪದ್ಧತಿಗೂ, 525 ಗೆರೆಯ ಅಮೆರಿಕ ಜಪಾನುಗಳ ಎನ್.ಟಿ.ಎಸ್.ಸಿ. ಪದ್ಧತಿಗೂ ಸಮವಾಗಿ ಹೊಂದುವಂತೆ, ಸೆಕೆಂಡಿಗೆ 1 ಕೋಟಿ 35 ಲಕ್ಷ ಸಲ ಆ ಅಲೆಯನ್ನು ಅಳೆಯತಕ್ಕದ್ದೆಂದು ಅಂತರರಾಷ್ಟ್ರೀಯ ಸಮಿತಿಯು ಗೊತ್ತುಮಾಡಿತು. ಹಾಗೆ ಅಳೆದಾಗ ನಮ್ಮ ಒಂದು ಗೆರೆಗೆ ಒಟ್ಟು 864 ಅಳತೆಗಳು ದೊರೆತು, ಅವುಗಳಲ್ಲಿ 720ನ್ನು ಚಿತ್ರಕ್ಕೆಂದು ಮೀಸಲಿಟ್ಟರು. ಗೆರೆಯಲ್ಲಿ ನಿಜವಾಗಿ ಚಿತ್ರವಿರುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ 52 ಭಾಗ ಮಾತ್ರ, ಎಂದರೆ 702 ಅಳತೆಯಷ್ಟು. ಉಳಿದ ಹದಿನೆಂಟು ಎಡಬಲಗಳಲ್ಲಿ ತುಸು ಸಡಿಲವಾಗಿರಲೆಂದು ಬಿಟ್ಟ ಅಂಚು. ಈ ಅಂಚಿನ ಕಥೆ ಮುಂದೆ ಮತ್ತೆ ಬರುತ್ತದೆ.

ಇನ್ನು ವಿ.ಎಚ್.ಎಸ್. ಟೇಪಿನಲ್ಲಿ ಈ 720ನ್ನೂ ತುಂಬುವಷ್ಟು ವಿವರ ಇದೆಯೆ ಎಂದರೆ, ಇಲ್ಲ. ಆ ಟೇಪಿನಲ್ಲಿ ಬೆಳಕಿನ ಏರಿಳಿತಕ್ಕೆ ದೊರೆಯುವ ಅವಕಾಶ ಸುಮಾರು 3 ಮೆಗಾಹರ್ಟ್ಸ್. ಲೆಕ್ಕ ಹಾಕಿದರೆ ಒಂದು ಗೆರೆಯ ಉದ್ದಕ್ಕೂ ಪರಸ್ಪರ ಬೇರೆಯಾಗಿ ಕಾಣಬಲ್ಲ ಬಿಂದುಗಳು 312ರ ಆಸುಪಾಸು. ಬಣ್ಣದ ಗತಿ ಇನ್ನೂ ಶೋಚನೀಯ: ಗೆರೆಗೆ ಐವತ್ತು ಬಿಂದುಗಳಷ್ಟೂ ದಕ್ಕುವುದು ಕಷ್ಟ. ಧಾರೆ ಸೀರೆಯ ಕೆಂಪು ಅಂಚನ್ನು ಮೀರಿ ಪಕ್ಕದ ವರನ ಬಿಳಿಯ ಪಂಚೆಯ ಮೇಲೆ ಹರಡಿಕೊಂಡಂತೆ ಕಾಣುವುದು ಇದರಿಂದಲೇ ಹೊರತು ಕ್ಯಾಮೆರಾ ಹಿಡಿದವನ ಅಪರಾಧದಿಂದಲ್ಲ. ಹೀಗಿರಲಾಗಿ 352 ಬಿಂದು ಸಾಕಲ್ಲವೆ ಎಂದು ಲೆಕ್ಕ ಬಲ್ಲವರು ವಾದಿಸುವುದುಂಟು. ಕಾಗದದ ಮೇಲೆ ಅದು ಸರಿ. ಆದರೆ ಅಳೆಯುವ ಯಂತ್ರದ ಶೋಧಕಗಳು ಪರಿಪೂರ್ಣವಲ್ಲ. ವಿವರದ ಮೇರೆಗೇ ತಾಗಿಸಿ ಕತ್ತರಿಸಿದರೆ ಇದ್ದ ವಿವರವೂ ಒಂದಿಷ್ಟು ಸವೆಯುತ್ತದೆ. ಅಲ್ಲದೆ ಟೇಪಿನ ಕುಂದುಗಳನ್ನು, ಕಾಳುಕಾಳಾದ ಮಬ್ಬನ್ನು, ಗೆರೆಗಳ ನಡುಕವನ್ನು ಮುಂದೆ ಯಾರಾದರೂ ತಂತ್ರಾಂಶದಿಂದ ಸರಿಪಡಿಸಬೇಕೆಂದರೆ ಆ ಕುಂದುಗಳು ಕೂಡ ಸ್ಪಷ್ಟವಾಗಿ ದಾಖಲಾಗಿರಬೇಕು. ಆದುದರಿಂದ ಇಡುವ ಪ್ರತಿಗೆ 720ಕ್ಕೆ 576 ಎಂಬುದೇ ಯೋಗ್ಯವಾದ ಅಳತೆ.

ಅದಕ್ಕಿಂತ ಹೆಚ್ಚು ಬೇಡವೆ? ಅಂಗಡಿಯವನು ಹೇಳುವ ಎಚ್.ಡಿ. ಎಂದರೆ 1920ಕ್ಕೆ 1080. ಮುನ್ನೂರು ಬಿಂದುಗಳಷ್ಟೇ ಇದ್ದ ಗೆರೆಯನ್ನು ಸಾವಿರದ ಒಂಬೈನೂರು ಬಿಂದುಗಳಿಗೆ ಹಿಗ್ಗಿಸುವುದೆಂದರೆ ಒಂದು ಎಳನೀರನ್ನು ಕೊಡದ ನೀರಿನಲ್ಲಿ ಬೆರೆಸಿ ಊರಿಗೆಲ್ಲ ಹಂಚಿದಂತೆ. ಪ್ರಮಾಣ ಬೆಳೆಯಿತು, ರುಚಿ ಎಲ್ಲಿಂದ ಬರಬೇಕು? ನಡುವಣ ಬಿಂದುಗಳನ್ನು ಯಂತ್ರವು ಊಹಿಸಿ ತುಂಬುತ್ತದೆ. ಈಚಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಂತೂ ಊಹೆಯಲ್ಲಿ ಎಷ್ಟು ಉದಾರಿಗಳೆಂದರೆ, ಮಸುಕಾಗಿದ್ದ ಅಜ್ಜನ ಮುಖಕ್ಕೆ ಎಲ್ಲಿಯೂ ಇರದ ಕಣ್ಣುರೆಪ್ಪೆಗಳನ್ನೂ ಹಲ್ಲಿನ ಸಾಲನ್ನೂ ಕೊಡಬಲ್ಲವು. ನೋಡಲು ಚೆನ್ನ, ಆದರೆ ಅದು ಅಜ್ಜನೋ ಅಜ್ಜನಂತಿರುವ ಇನ್ನಾರೋ ಎಂಬುದನ್ನು ಹೇಳಬಲ್ಲ ಮೂಲಪ್ರತಿ ಬೇರೆಯಾಗಿ ಉಳಿದಿದ್ದರೆ ಮಾತ್ರ ಆ ವಿನೋದಕ್ಕೆ ಅವಕಾಶ ಕೊಡಬಹುದು. ಹಿಗ್ಗಿಸುವುದರಿಂದ ಪ್ರಯೋಜನವೇ ಇಲ್ಲವೆಂದಲ್ಲ. ಯೂಟ್ಯೂಬಿನಲ್ಲಿ ಹಾಕಿ ಬೆಂಗಳೂರಿನ ಮಕ್ಕಳಿಗೂ ಡಲ್ಲಾಸಿನ ಮೊಮ್ಮಕ್ಕಳಿಗೂ ತೋರಿಸಬೇಕಾದಾಗ, ಆ ತಾಣವು ಚಿಕ್ಕ ಚಿತ್ರವನ್ನು ಹೆಚ್ಚು ಹಿಂಡಿ ಕೆಡಿಸುವುದರಿಂದಲೂ, ಸೆಕೆಂಡಿಗೆ 50 ಚಿತ್ರಗಳ ಓಟವನ್ನು 720 ಗೆರೆಗೆ ಕಡಿಮೆಯಾದ ಚಿತ್ರಗಳಿಗೆ ಕೊಡದಿರುವುದರಿಂದಲೂ, 960ಕ್ಕೆ 720 ಅಥವಾ 1440ಕ್ಕೆ 1080ರಷ್ಟು ದೊಡ್ಡದು ಮಾಡಿ ಹಾಕುವುದು ಜಾಣತನವೇ. ಅದು ತೋರಿಸುವ ಪ್ರತಿಯ ಧರ್ಮ.

ಸೆಕೆಂಡಿಗೆ 50 ಎಂದೆನಲ್ಲ. ಅದರಲ್ಲಿ ಬಹಳ ಮಂದಿ ಕಾಣದೆ ಕಳೆದುಕೊಂಡ ಸಂಪತ್ತು ಅಡಗಿದೆ. ಟಿ.ವಿ.ಯ ಚಿತ್ರ ಸೆಕೆಂಡಿಗೆ 25 ಎಂಬ ಮಾತು ಅರ್ಧಸತ್ಯ. ಮೊದಲು ಒಂದು ಬಿಟ್ಟು ಒಂದು ಗೆರೆ, ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದ ಮೇಲೆ ನಡುವೆ ಬಿಟ್ಟ ಗೆರೆಗಳು, ಹೀಗೆ ಎರಡು ಅರ್ಧಚಿತ್ರಗಳು ಎರಡು ಬೇರೆ ಬೇರೆ ಕ್ಷಣಗಳಲ್ಲಿ ಹಿಡಿದವು. ಅವನ್ನು ಫೀಲ್ಡ್ ಎನ್ನುತ್ತಾರೆ. ಕಂಪ್ಯೂಟರಿನ ಪರದೆಯ ಮೇಲೆ ಎರಡನ್ನೂ ಒಟ್ಟಿಗೆ ಹಾಕಿದಾಗ ಓಡುವ ಮನುಷ್ಯನ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಳ್ಳುತ್ತದೆ. ಇದನ್ನು ಕಂಡು ಗಾಬರಿಯಾದ ಅಂಗಡಿಯವರು, ಅಥವಾ ಅವರಿಗೆ ತಿಳಿಯದೆ ಅವರ ಅಗ್ಗದ ಯು.ಎಸ್.ಬಿ. ಸಾಧನವೇ, ಎರಡು ಫೀಲ್ಡುಗಳಲ್ಲಿ ಒಂದನ್ನು ಎಸೆದುಬಿಡುವುದುಂಟು. ಆಗ ಉಳಿಯುವುದು 288 ಗೆರೆ, 25 ಚಿತ್ರ. ಹದಿನೈದಿಪ್ಪತ್ತು ವರ್ಷದ ಹಿಂದೆ ಕ್ಯಾಸೆಟ್ಟುಗಳನ್ನು ವಿ.ಸಿ.ಡಿ.ಗೆ ಇಳಿಸಿಕೊಂಡ ನಮ್ಮ ಸೀಮೆಯ ಅಸಂಖ್ಯಾತ ಮನೆಗಳಲ್ಲಿ ಆದದ್ದೂ ಇದೇ, ಏಕೆಂದರೆ ವಿ.ಸಿ.ಡಿ.ಯ ಅಳತೆಯೇ 352ಕ್ಕೆ 288. ತಟ್ಟೆ ಬಂದಿತೆಂದು ಕ್ಯಾಸೆಟ್ಟನ್ನು ಎಸೆದವರು ಅರ್ಧ ಮದುವೆಯನ್ನು ಎಸೆದರು. ಧಾರೆಯ ಹೊತ್ತಿನ ನಿಶ್ಚಲ ಮುಖಗಳಲ್ಲಿ ಈ ನಷ್ಟ ಅಷ್ಟಾಗಿ ಕಾಣದು. ಸೋಮನ ಮೊಗ ಹೊತ್ತವನು ತಮಟೆಯ ಬಿರುಸಿಗೆ ಹೆಜ್ಜೆ ಬದಲಿಸುವಾಗ, ಓಲಗದವನ ಬೆರಳುಗಳು ರಂಧ್ರಗಳ ಮೇಲೆ ಓಡುವಾಗ, ಚಲನೆಯ ಅರ್ಧಭಾಗ ಹೋದದ್ದು ಯಾರ ಕಣ್ಣಿಗಾದರೂ ತಿಳಿಯುತ್ತದೆ. ಇಡುವ ಪ್ರತಿಯಲ್ಲಿ ಎರಡು ಫೀಲ್ಡುಗಳೂ ಟೇಪಿನಲ್ಲಿದ್ದ ಅನುಕ್ರಮದಲ್ಲಿಯೇ ಇರಬೇಕು; ತೋರಿಸುವ ಪ್ರತಿಗೆ, ಒಂದೊಂದು ಫೀಲ್ಡನ್ನೂ ಪೂರ್ಣ ಚಿತ್ರವಾಗಿ ಬೆಳೆಸಿ ಸೆಕೆಂಡಿಗೆ 50ನ್ನು ಕೊಡುವ ಉಚಿತ ತಂತ್ರಾಂಶಗಳಿವೆ, ಅವುಗಳಲ್ಲಿ ಕ್ಯೂ.ಟಿ.ಜಿ.ಎಂ.ಸಿ. ಎಂಬುದು ಬಲ್ಲವರ ನಡುವೆ ಹೆಸರಾದದ್ದು.

ಈಗ ಆಕಾರದ ಮಾತು. 19ನೆಯ ಶತಮಾನದ ಕಡೆಯಲ್ಲಿ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಎಂಬಾತನು 35 ಮಿಲಿಮೀಟರ್ ಫಿಲ್ಮಿನ ಮೇಲೆ ಒಂದು ಚಿತ್ರಕ್ಕೆ ನಾಲ್ಕು ರಂಧ್ರಗಳ ಎತ್ತರವನ್ನು ಕೊಟ್ಟದ್ದರಿಂದ ಹುಟ್ಟಿದ 4:3 ಎಂಬ ಅನುಪಾತವನ್ನೇ ಟಿ.ವಿ.ಯೂ ಸ್ವೀಕರಿಸಿತು. ಈಗಿನ ಗೋಡೆ ಟಿ.ವಿ.ಗಳ 16:9 ಎಂಬುದು 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಅಮೆರಿಕದ ತಂತ್ರಜ್ಞನು ಅಂದು ಚಾಲ್ತಿಯಲ್ಲಿದ್ದ ನಾನಾ ಆಕಾರಗಳನ್ನು ಒಂದರ ಮೇಲೊಂದು ಇಟ್ಟು ಕಂಡುಕೊಂಡ ಮಧ್ಯಮಾರ್ಗ. ಯಾವುದಕ್ಕೂ ಸರಿಯಾಗಿ ಹೊಂದದಿದ್ದರೂ ಎಲ್ಲಕ್ಕೂ ಅಷ್ಟಿಷ್ಟು ಹೊಂದುವ ಒಂದು ರಾಜಿ. ಹಳೆಯ ಚಿತ್ರವನ್ನು ಈ ಹೊಸ ಚೌಕಟ್ಟಿಗೆ ತುಂಬಿಸಬೇಕೆಂಬ ಹಟಕ್ಕೆ ಎರಡು ದಾರಿಗಳುಂಟು, ಎರಡೂ ಅನಾಹುತದವು. ಅಡ್ಡಕ್ಕೆ ಎಳೆದರೆ ಎಲ್ಲವೂ ಮೂರನೆಯ ಒಂದು ಪಾಲು ದಪ್ಪಗಾಗುತ್ತದೆ. ನಮ್ಮ ಕಡೆಯ ಒಂದು ಮನೆಯಲ್ಲಿ ಹಾಗೆ ಎಳೆದ ಮದುವೆಯನ್ನು ಹಾಕಿದಾಗ, ಎಂಬತ್ತು ದಾಟಿದ ಅಜ್ಜಿಯೊಬ್ಬರು ತೀರಿಹೋದ ತಮ್ಮ ಅಣ್ಣನನ್ನು ಕಂಡು ಸಂತೋಷಪಡುವ ಬದಲು, "ಇದ್ಯಾಕ್ಲ ಮಗ, ನಮ್ಮಣ್ಣ ಯಾವತ್ತು ಹಿಂಗೆ ಊದ್ಕಂಡಿದ್ದ? ಕಡ್ಡಿ ಇದ್ದಂಗಿದ್ದ ಅವ್ನು" ಎಂದು ಮೊಮ್ಮಗನನ್ನೇ ಗದರಿದರು. ತಂತ್ರಜ್ಞಾನದ ವಿಮರ್ಶೆ ಇದಕ್ಕಿಂತ ನಿಖರವಾಗಿ ಆಗುವುದು ಸಾಧ್ಯವೆಂದು ನನಗೆ ತೋರುವುದಿಲ್ಲ.

ಎರಡನೆಯ ದಾರಿ ಕತ್ತರಿಸುವುದು. ಅಗಲವನ್ನು ಹಾಗೆಯೇ ಇಟ್ಟು ಎತ್ತರದಲ್ಲಿ ಕಾಲುಭಾಗವನ್ನು ತೆಗೆಯುವುದು, ಎಂದರೆ 576 ಗೆರೆಗಳಲ್ಲಿ 144ನ್ನು ಚೆಲ್ಲಿಬಿಡುವುದು. ಆ ದಿನದ ವಿಡಿಯೊದವನು ಭುಜದ ಮೇಲೆ ಭಾರದ ಕ್ಯಾಮೆರಾ ಹೊತ್ತು, ಜನರೇಟರಿನ ಸದ್ದಿನ ನಡುವೆ, ಕಣ್ಣು ಕೋರೈಸುವ ದೀಪದ ಹುಡುಗನನ್ನು ಪಕ್ಕಕ್ಕಿಟ್ಟುಕೊಂಡು ಚೌಕಟ್ಟು ಕಟ್ಟಿದ್ದು 4:3ರ ಕಿಂಡಿಯೊಳಗೆ ನೋಡಿ. ಮೇಲೆ ವಧೂವರರ ಬಾಸಿಂಗವೂ ಕೆಳಗೆ ಧಾರೆಯ ನೀರು ಬೀಳುವ ತಟ್ಟೆಯೂ ಒಂದೇ ಚಿತ್ರದಲ್ಲಿ ಬರಬೇಕೆಂದು ಆತ ಹಿಂದಕ್ಕೆ ಸರಿದು ನಿಂತಿದ್ದ. ಮೇಲೂ ಕೆಳಗೂ ಕತ್ತರಿಸಿದರೆ ಬಾಸಿಂಗವೂ ಹೋಯಿತು, ತಟ್ಟೆಯೂ ಹೋಯಿತು. ಉಳಿದದ್ದು ನಾಲ್ಕು ಕೈಗಳು. ಪರದೆಯ ಎಡಬಲಗಳಲ್ಲಿ ಕಪ್ಪು ಪಟ್ಟಿ ಕಂಡರೆ ದುಡ್ಡು ಕೊಟ್ಟ ಟಿ.ವಿ. ವ್ಯರ್ಥವಾಯಿತೆಂದು ಕೊರಗುವ ಗೃಹಸ್ಥರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು.

ಇಲ್ಲಿ ಒಂದು ಗೂಢವುಂಟು. 720ಕ್ಕೆ 576 ಎಂದರೆ ಅನುಪಾತ 5:4 ಆಯಿತೇ ಹೊರತು 4:3 ಆಗಲಿಲ್ಲ. ಹಾಗಾದರೆ ಲೆಕ್ಕ ತಪ್ಪಿತೆ? ತಪ್ಪಲಿಲ್ಲ; ಈ ಬಿಂದುಗಳು ಚಚ್ಚೌಕವಲ್ಲ. ಒಂದೊಂದೂ 12ಕ್ಕೆ 11ರ ಪ್ರಮಾಣದಲ್ಲಿ ಅಗಲವಾಗಿ ತೋರಿಸಲ್ಪಡಬೇಕು. 704 ಬಿಂದುಗಳು ಹಾಗೆ ಅಗಲಗೊಂಡರೆ 768 ಆಗಿ, 576ರೊಡನೆ ಸರಿಯಾಗಿ 4:3ಕ್ಕೆ ಕೂಡುತ್ತವೆ. ಮಿಕ್ಕ ಹದಿನಾರು ಮೊದಲು ಹೇಳಿದ ಸಡಿಲ ಅಂಚಿಗೆ ಸೇರಿದವು. ಇದನ್ನರಿಯದೆ ಪೂರ್ತಿ 720ನ್ನೇ 768ಕ್ಕೆ ಒತ್ತಿದರೆ ಮುಖಗಳು ನೂರಕ್ಕೆ ಎರಡರಷ್ಟು ಸಪೂರವಾಗುತ್ತವೆ. ಇಷ್ಟು ಸೂಕ್ಷ್ಮವನ್ನು ಆ ಅಜ್ಜಿಯೂ ಮನ್ನಿಸಿಯಾರು. ಆದರೆ ಆಕಾರದ ಸೂಚನೆಯನ್ನೇ ಬರೆಯದೆ ಕಡತವನ್ನು ಬಿಟ್ಟರೆ ಒಂದು ಯಂತ್ರ ಅದನ್ನು 5:4 ಎಂದೂ ಇನ್ನೊಂದು 16:9 ಎಂದೂ ತಿಳಿದು ತೋರಿಸುತ್ತವೆ. ಬಿಂದುಗಳನ್ನು ಮುಟ್ಟದೆ, ಇದು 4:3 ಎಂಬ ಸೂಚನೆಯೊಂದನ್ನು ಕಡತದ ತಲೆಯಲ್ಲಿ ಬರೆದರೆ ಸಾಕು.

ಅಪವಾದಗಳಿಲ್ಲದೆ ಇಲ್ಲ. 1977ರ 'ಸೊಸೆ ತಂದ ಸೌಭಾಗ್ಯ'ದಿಂದ ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದಿತು. ಸಿನಿಮಾಸ್ಕೋಪಿನ ಅಗಲ ಎತ್ತರಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಅಂಥ ಚಿತ್ರವನ್ನು ಮೇಲೆ ಕೆಳಗೆ ಕಪ್ಪು ಪಟ್ಟಿಯಿಟ್ಟು ಪೂರ್ಣವಾಗಿ ಕ್ಯಾಸೆಟ್ಟಿಗೆ ಹಾಕಿದ್ದರೆ 576ರಲ್ಲಿ 327ರಷ್ಟು ಗೆರೆಗಳಿಗೆ ಮಾತ್ರ ಚಿತ್ರವಿರುತ್ತದೆ. ಅಲ್ಲಿ ತೋರಿಸುವ ಪ್ರತಿಯ ಕಪ್ಪನ್ನು ಕತ್ತರಿಸಿದರೆ ತಪ್ಪಿಲ್ಲ. 2000ದ ಈಚೆಗೆ ಬಂದ ಮಿನಿ ಡಿ.ವಿ. ಕ್ಯಾಮೆರಾಗಳಲ್ಲಿ ಕೆಲವು 16:9ನ್ನೇ ಹಿಂಡಿ 720ರೊಳಗೆ ತುಂಬುತ್ತಿದ್ದವು. ಅವುಗಳಲ್ಲಿ ಜನರೆಲ್ಲ ಸಣಕಲಾಗಿ ಕಂಡರೆ ಅದು ಅಗಲಿಸಬೇಕಾದ ಚಿತ್ರವೆಂದು ತಿಳಿಯಬೇಕು. ಅಮೆರಿಕಕ್ಕೆ ಹೋದ ಮಗನೋ ಅಳಿಯನೋ ಅಲ್ಲಿ ತೆಗೆದು ಕಳುಹಿಸಿದ ಕ್ಯಾಸೆಟ್ಟು ನಮ್ಮ ವಿ.ಸಿ.ಆರ್.ನಲ್ಲಿ ಬಣ್ಣವಿಲ್ಲದೆ ಉರುಳಾಡುತ್ತಿದ್ದರೆ ಅದು 525 ಗೆರೆಯ ಎನ್.ಟಿ.ಎಸ್.ಸಿ.; ಅದನ್ನು 720ಕ್ಕೆ 480ರಲ್ಲಿ, ಅದರದೇ ವೇಗದಲ್ಲಿ ಹಿಡಿಯಬೇಕಲ್ಲದೆ ನಮ್ಮ 576ಕ್ಕೆ ಬಗ್ಗಿಸಬಾರದು.

ಚಿತ್ರದ ತೀರ ಕೆಳಗಿನ ಆರೆಂಟು ಗೆರೆಗಳಲ್ಲಿ ಹರಿದು ಅದುರುವ ಪಟ್ಟಿಯೊಂದು ಕಾಣುತ್ತದೆ. ಒಂದು ಹೆಡ್ಡು ತನ್ನ ಪಟ್ಟೆಯನ್ನು ಮುಗಿಸಿ ಇನ್ನೊಂದಕ್ಕೆ ಒಪ್ಪಿಸುವ ಸಂಧಿ ಅದು, ಹಳೆಯ ಟಿ.ವಿ.ಗಳ ಚೌಕಟ್ಟು ಅದನ್ನು ಮುಚ್ಚಿಕೊಂಡಿರುತ್ತಿದ್ದುದರಿಂದ ಯಾರೂ ಕಂಡಿರಲಿಲ್ಲ. ಇಡುವ ಪ್ರತಿಯಲ್ಲಿ ಅದು ಇರಲಿ. ತೋರಿಸುವಾಗ ಅದರ ಮೇಲೆ ಕಪ್ಪು ಮುಚ್ಚಿದರೆ ಸಾಕು. ಕತ್ತರಿಸಿ, ಉಳಿದದ್ದನ್ನು ಎಳೆದು ತುಂಬಿಸಿದರೆ ಪುನಃ ಅನುಪಾತ ಕೆಡುತ್ತದೆ.

ಇಷ್ಟೆಲ್ಲ ನಿಷ್ಠೆಗೆ ತಗಲುವ ಜಾಗವೆಷ್ಟು ಎಂದರೆ, ಏನನ್ನೂ ಒತ್ತದೆ ಹಿಡಿದರೆ ಗಂಟೆಗೆ ಸುಮಾರು 75 ಜಿ.ಬಿ. ಮೂಲವನ್ನು ಒಂದಿಷ್ಟೂ ಕೆಡಿಸದೆ ಮಡಿಚಿಡುವ ಎಫ್.ಎಫ್.ವಿ.1 ಎಂಬ ಕ್ರಮದಲ್ಲಿ ಅದು ಅರ್ಧಕ್ಕೋ ಅದಕ್ಕೂ ಕಡಿಮೆಗೋ ಇಳಿಯುತ್ತದೆ. ದೊಡ್ಡ ಸಂಗ್ರಹಾಗಾರಗಳು ನೆಚ್ಚಿದ ಕ್ರಮವೂ ಅದೇ. ಮೂರು ಗಂಟೆಯ ಮದುವೆಗೆ ನೂರು ಜಿ.ಬಿ. ಎಂದರೆ ಒಕ್ಕಲಿಗನ ಮನೆಗೆ ಹೆಚ್ಚೆ? ಟೇಪಿನಲ್ಲಲ್ಲದೆ ಬೇರೆಲ್ಲಿಯೂ ಉಳಿಯದಿರುವುದರ ಬೆಲೆಯನ್ನು ನೆನೆದರೆ ಹೆಚ್ಚಲ್ಲ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ, ತುಳುವಿನ ಸಿರಿಯ ಮಹಾಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ ಅವರೂ, ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡ ಅವರೂ ಟೇಪಿಗಿಳಿಸಿದರು. ಅದರ 15,683 ಸಾಲುಗಳು ಗ್ರಂಥವಾಗಿ ಅಚ್ಚಾಗಿವೆ, ಟೇಪಿಗೆ ಏನಾದರೂ ಆದರೂ ಕಾವ್ಯ ಉಳಿಯುತ್ತದೆ. ನಮ್ಮ ಸೀಮೆಯ ಭಾಗವತರ ಪದಕ್ಕೂ ಸೋಬಾನೆ ಹೇಳಿದ ಅಜ್ಜಿಯರ ಕೊರಳಿಗೂ ಅಂಥ ಗ್ರಂಥವಿಲ್ಲ. ಅವರ ಪಾಲಿಗೆ ಮದುವೆಯ ಕ್ಯಾಸೆಟ್ಟೇ ಸಂಪುಟ. ಹಣ ಉಳಿಸಬೇಕೆಂದರೆ ಬೇರೆ ಕಡೆ ಉಳಿಸಬಹುದು. ಒಳ್ಳೆಯ ಸ್ಥಿತಿಯ ವಿ.ಸಿ.ಆರ್., ಬೆಳಕು ಬಣ್ಣಗಳನ್ನು ಬೇರೆ ಬೇರೆ ತರುವ ಎಸ್-ವಿಡಿಯೊ ತಂತಿ, ಮಂಟಪದ ಕಂಬಗಳು ಹಾವಿನಂತೆ ಬಳುಕದಂತೆ ಗೆರೆಗಳನ್ನು ನೇರಗೊಳಿಸುವ ಟೈಮ್ ಬೇಸ್ ಕರೆಕ್ಟರ್, ಇವು ಮೂರು ಇರುವಲ್ಲಿಗೆ ಕ್ಯಾಸೆಟ್ಟು ಹೋಗುವುದು ಎಚ್.ಡಿ. ಎಂಬ ಫಲಕಕ್ಕಿಂತ ಮುಖ್ಯ. ಎಡಿಟಿಂಗ್ ಮಾಡಿ ಹೃದಯಾಕಾರದೊಳಗೆ ವಧೂವರರನ್ನು ಕೂರಿಸಿ ಮನೆಗೆ ಕೊಟ್ಟದ್ದು ಎರಡನೆಯ ನಕಲು. ಅದರ ಮೂಲ ಟೇಪು ಸ್ಟುಡಿಯೊದವರ ಮನೆಯಲ್ಲಿ ಇನ್ನೂ ಇದ್ದರೆ ಮೊದಲು ಅದನ್ನೇ ಹುಡುಕಬೇಕು.

ಕಡತ ಬಂದ ಮೇಲೂ ಕ್ಯಾಸೆಟ್ಟನ್ನು ಒಲೆಗೆ ಹಾಕಬೇಡಿರೆಂದು ಹೇಳುವುದಕ್ಕೆ ಈಚೆಗೆ ಹೊಸ ಕಾರಣವೊಂದು ಒದಗಿದೆ. ವಿ.ಸಿ.ಆರ್.ನ ಒಳಗಿನ ಸಂಸ್ಕರಣವನ್ನೆಲ್ಲ ಬದಿಗಿರಿಸಿ, ಹೆಡ್ಡಿನಿಂದ ಹೊರಡುವ ಮೂಲ ತರಂಗವನ್ನೇ, ಬೆಳಕು 3.8ರಿಂದ 4.8 ಮೆಗಾಹರ್ಟ್ಸಿನ ನಡುವೆ ತೂಗಾಡುವ ಆ ಕಚ್ಚಾ ಅಲೆಯನ್ನೇ, ಸೆಕೆಂಡಿಗೆ ಕೋಟ್ಯಂತರ ಸಲ ಅಳೆದು ಕಡತವಾಗಿಸಿ, ಗೆರೆ ಬಣ್ಣ ಚೌಕಟ್ಟುಗಳನ್ನು ಆಮೇಲೆ ತಂತ್ರಾಂಶದಿಂದ ಬಿಡಿಸಿಕೊಳ್ಳುವ ವಿ.ಎಚ್.ಎಸ್.-ಡಿಕೋಡ್ ಎಂಬ ಮುಕ್ತ ಯೋಜನೆಯೊಂದು ಹವ್ಯಾಸಿಗಳ ಶ್ರಮದಿಂದ ಬೆಳೆಯುತ್ತಿದೆ. ಆ ಕ್ರಮದಲ್ಲಿ ಹಿಡಿಯುವ ಹೊತ್ತಿಗೆ ಅಗಲವನ್ನೂ ಆರಿಸಬೇಕಾಗಿಲ್ಲ, ಆಕಾರವನ್ನೂ ಆರಿಸಬೇಕಾಗಿಲ್ಲ. ಬಿಡಿಸಿದ ಚಿತ್ರ ಒಪ್ಪಿಗೆಯಾಗದಿದ್ದರೆ ಅದೇ ಅಲೆಯಿಂದ ಮತ್ತೊಮ್ಮೆ ಬಿಡಿಸಬಹುದು. ಯಂತ್ರದ ಹೊಟ್ಟೆ ಬಿಚ್ಚಿ ತಂತಿ ಬೆಸೆಯಬೇಕಾದ ಕೆಲಸವಾದ್ದರಿಂದ ಸದ್ಯಕ್ಕೆ ಅದು ಎಲ್ಲ ಅಂಗಡಿಗಳಲ್ಲಿ ದೊರೆಯುವಂಥದ್ದಲ್ಲ. ಅದು ದೊರೆಯುವವರೆಗೆ ಕ್ಯಾಸೆಟ್ಟನ್ನು ತುದಿಯವರೆಗೆ ಸುತ್ತಿ, ನಿಲ್ಲಿಸಿ, ಅಟ್ಟದಲ್ಲಿ ಬೇಡ, ನಡುಮನೆಯ ಬೀರುವಿನಲ್ಲಿ ಇಟ್ಟುಕೊಂಡಿರಬಹುದು.